ಸ್ಪಷ್ಟನೆ: ‘ವಿಂಡ್ ಆಫ್ ಚೇಂಜ್’ ಬರ್ಲಿನ್ ಗೋಡೆ ಬಿದ್ದ ಮೇಲೆ ಬರೆದದ್ದಲ್ಲ

ಜರ್ಮನಿಯ ಸ್ಕಾರ್ಪಿಯನ್ಸ್ ತಂಡದ ಗಾಯಕ ಕ್ಲಾಸ್ ಮೈನೆ ಅವರು ಬರ್ಲಿನ್ ಗೋಡೆ ಉರುಳಿದ ಸಂಭ್ರಮದಲ್ಲಿ ‘ವಿಂಡ್ ಆಫ್ ಚೇಂಜ್’ ಹಾಡನ್ನು ಬರೆದರೆಂಬ ಮಾತು ಹರಿದಾಡುತ್ತಿದೆ. ಇದು ಸರಿಯಲ್ಲ. 1989ರ ಆಗಸ್ಟ್‌ನಲ್ಲಿ ಮಾಸ್ಕೋದ ಲೆನಿನ್ ಕ್ರೀಡಾಂಗಣದಲ್ಲಿ ನಡೆದ ಶಾಂತಿ ಸಂಗೀತೋತ್ಸವದಲ್ಲಿ ಹಾಡಿ ಊರಿಗೆ ಮರಳಿದ ಮೈನೆ, ಅಲ್ಲಿ ಕಂಡದ್ದನ್ನು ನೆನೆದು ಸೆಪ್ಟೆಂಬರ್‌ನಲ್ಲಿ ಇದನ್ನು ರಚಿಸಿದರು. ಗೋಡೆ ತೆರೆದದ್ದು ನವೆಂಬರ್ 9ರಂದು. ಹಾಡಿನ ಮೊದಲ ಸಾಲಿನಲ್ಲೇ ಮಾಸ್ಕೋ ನಗರದ ಮಾಸ್ಕ್ವಾ ನದಿಯೂ ಗೋರ್ಕಿ ಪಾರ್ಕೂ ಇವೆ, ಬರ್ಲಿನ್ನಿನ ಹೆಸರು ಎಲ್ಲಿಯೂ ಇಲ್ಲ. ಗೊಂದಲಕ್ಕೆ ಕಾರಣವೂ ಇದೆ: ಹಾಡು 1990ರ ಕೊನೆಗೆ ‘ಕ್ರೇಜಿ ವರ್ಲ್ಡ್’ ಆಲ್ಬಮ್‌ನಲ್ಲಿ ಹೊರಬಂದು, ಮರುವರ್ಷ ಬಿಡಿಯಾಗಿ ಬಿಡುಗಡೆಯಾಗುವ ಹೊತ್ತಿಗೆ ಎರಡು ಜರ್ಮನಿಗಳೂ ಒಂದಾಗಿದ್ದುದರಿಂದ, ಕೇಳುಗರು ಅದನ್ನು ಆ ಘಟನೆಗೇ ಜೋಡಿಸಿಕೊಂಡರು.

ಮೈನೆ ತಂಡದ ಸ್ಥಾಪಕರೆಂಬುದೂ ತಪ್ಪು. 1965ರಲ್ಲಿ ಹ್ಯಾನೋವರ್‌ನಲ್ಲಿ ತಂಡ ಕಟ್ಟಿದವರು ಗಿಟಾರ್ ವಾದಕ ರುಡಾಲ್ಫ್ ಶೆಂಕರ್. ಅದೇ ಊರಿನಲ್ಲಿ 1948ರಲ್ಲಿ ಹುಟ್ಟಿದ ಮೈನೆ ತಂಡ ಸೇರಿದ್ದು ಕೆಲವು ವರ್ಷಗಳ ನಂತರ. ಎಂಬತ್ತರ ದಶಕದ ಆರಂಭದಲ್ಲಿ ದನಿಯೇ ಕೈಕೊಟ್ಟು, ಗಂಟಲಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ಮತ್ತೆ ಅಭ್ಯಾಸ ಮಾಡಿ 1982ರ ‘ಬ್ಲ್ಯಾಕೌಟ್’ ಆಲ್ಬಮ್‌ಗೆ ಹಾಡಿದ್ದು ಮಾತ್ರ ನಿಜ.