ಪಿಕಪ್ಪಿಗೆ ಪತ್ರಾ ಕೆಲಸ

ಹಳೆಯ ಪಿಕಪ್ಪಿನ ಮೈ ನೋಡಿ ಮಾಲೀಕನ ಗುಣ ಹೇಳುತ್ತೇನೆ ಎಂದು ಯಾರಾದರೂ ಅಂದರೆ ನಂಬಬೇಡಿ. ಗುಣ ತಿಳಿಯುವುದಿಲ್ಲ, ದಂಧೆ ತಿಳಿಯುತ್ತದೆ. ಹುಬ್ಬಳ್ಳಿಯ ಗಬ್ಬೂರ ಬೈಪಾಸಿನ ಹತ್ತಿರ ಶೆಡ್ ಹಾಕಿಕೊಂಡಿರುವ ನಮ್ಮ ಮಿಸ್ತ್ರಿ ಈ ವಿದ್ಯೆಯಲ್ಲಿ ಪಂಡಿತ. ಹಿಂದಿನ ಬಾಡಿಯ ತಳ ನೋಡಿದನೆಂದರೆ, "ಇದು ಮೀನ ಹೇರಿದ ಗಾಡಿ ರೀ, ಅಂಕೋಲಾ ಕಡೀದು" ಎನ್ನುತ್ತಾನೆ. ಅರಬೈಲ್ ಘಟ್ಟ ಏರುವಾಗ ಮಂಜುಗಡ್ಡೆ ಕರಗಿದ ಉಪ್ಪುನೀರೆಲ್ಲ ಹಿಂದಕ್ಕೆ ಹರಿದು, ಹಿಂಬಾಗಿಲಿನ ಬುಡದಲ್ಲಿ ನಿಂತು, ಅಲ್ಲಿಯೇ ಪತ್ರಾ, ಅಂದರೆ ಬಾಡಿಯ ತಗಡು, ತಿಂದಿರುತ್ತದಂತೆ. ಯೂರಿಯಾ ಗಾಡಿಯ ಲಕ್ಷಣ ಬೇರೆ. ಹರಿದ ಚೀಲದಿಂದ ಉದುರಿದ ಕಾಳು ಗಾಳಿಯ ತೇವಕ್ಕೇ ನೀರೊಡೆದು ಮೂಲೆಮೂಲೆ ತೂತು ಮಾಡುತ್ತದೆ. ಬ್ಯಾಡಗಿ ಮೆಣಸಿನಕಾಯಿ ಹೇರಿದ ಗಾಡಿಯ ತಳ ಮಾತ್ರ ಚೊಕ್ಕ. ಒಣಮೆಣಸಿನಕಾಯಿ ಹಗುರ, ಚೀಲ ದೊಡ್ಡದು. ಹಾಗಾಗಿ ಎತ್ತರಕ್ಕೆ ಪೇರಿಸಿ ಹಗ್ಗ ಜಗ್ಗಿ ಕಟ್ಟುತ್ತಾರೆ, ಪಕ್ಕದ ಹಲಗೆಯ ಅಂಚು ವರ್ಷವರ್ಷಕ್ಕೂ ಒಳಬಾಗುತ್ತದೆ.

ನಮ್ಮಣ್ಣನ ಗಾಡಿಯದು ಎರೆಮಣ್ಣಿನ ಕಥೆ. ಮಳೆಗಾಲದಲ್ಲಿ ಗದಗ ಕಡೆಯ ಹೊಲಕ್ಕೆ ಇಳಿದ ಗಾಡಿ ಹೊಲದ ಒಂದು ಪಾಲು ಹೊತ್ತೇ ಮನೆಗೆ ಬರುತ್ತದೆ. ಮಡ್‌ಗಾರ್ಡಿನ ಮಡಿಕೆಯೊಳಗೆ ಕೂತ ಆ ಮಣ್ಣು ಮೇಲೆ ಬಿರುಕುಬಿಟ್ಟು ಒಣಗಿದಂತೆ ಕಂಡರೂ ಒಳಗೆ ವಾರಗಟ್ಟಲೆ ಹಸಿ. ಮಳೆ ನಿಂತ ಮೇಲೂ ಹಿಂಗಾರಿಯ ಜೋಳ, ಕಡಲೆ ಬರುವುದು ಇದೇ ಗುಣದಿಂದ. ರೈತನಿಗೆ ಅನ್ನ ಹಾಕುವ ತೇವವೇ ಅವನ ಗಾಡಿಗೆ ಜಂಗು ಹಿಡಿಸುತ್ತದೆ ಎಂದರೆ ಯಾರಿಗೆ ದೂರುವುದು?

ಅಣ್ಣ ಗಾಡಿ ಒಯ್ದದ್ದು ಜಂಗಿಗಲ್ಲ. ಎತ್ತು ಹಾಯ್ದು ಎಡಬಾಗಿಲಿಗೆ ಬಿದ್ದ ತಗ್ಗಿಗೆ. ಎಂಟು ವರ್ಷ ದಾಟಿದ ಬಾಡಿಗೆ ಗಾಡಿ ವರ್ಷಕ್ಕೊಮ್ಮೆ ಎಫ್‌ಸಿಗೆ, ಅಂದರೆ ಫಿಟ್‌ನೆಸ್ ಸರ್ಟಿಫಿಕೇಟಿನ ತಪಾಸಣೆಗೆ, ನಿಲ್ಲಬೇಕು, ಅಷ್ಟರೊಳಗೆ ಗಾಡಿ ನೋಡುವ ಹಾಗಿರಬೇಕು ಎಂಬುದು ಅವನ ಚಿಂತೆ. ಮಿಸ್ತ್ರಿ ತಗ್ಗನ್ನು ನೋಡಲೇ ಇಲ್ಲ. ಬಾಗಿಲಿನ ಕೆಳ ಅಂಚಿಗೆ ಕೂತು, ಬಣ್ಣದಡಿ ಎದ್ದಿದ್ದ ಒಂದು ಸಣ್ಣ ಗುಳ್ಳೆಗೆ ಸ್ಕ್ರೂಡ್ರೈವರ್ ಒತ್ತಿದ. ಅದು ಸಲೀಸಾಗಿ ಹಿಡಿಕೆಯ ತನಕ ಹೋಯಿತು. ಗಾಜಿನ ಸಂದಿಯಿಂದ ಇಳಿಯುವ ಮಳೆನೀರು ಹೊರಹೋಗಲೆಂದು ಬಾಗಿಲಿನ ತಳದಲ್ಲಿ ಸಣ್ಣ ತೂತುಗಳಿರುತ್ತವೆ. ಅವು ಧೂಳಿನಿಂದ ಮುಚ್ಚಿಹೋದರೆ ನೀರು ಅಲ್ಲಿಯೇ ಬಿಡಾರ ಹೂಡುತ್ತದೆ. ಅಣ್ಣನ ಮುಖ ನೋಡುವ ಹಾಗಿತ್ತು.

ನನ್ನ ಕೇಳಿದರೆ ತಗ್ಗಿನಷ್ಟು ಬಡಪಾಯಿ ಇನ್ನೊಂದಿಲ್ಲ. ಎದುರಿಗೇ ಕಾಣುತ್ತದೆ, ಇದ್ದಷ್ಟೇ ಇರುತ್ತದೆ, ಬಡಿದರೆ ಹೋಗುತ್ತದೆ. ಬಡಿಯುವುದೂ ನಾವು ತಿಳಿದ ಹಾಗಲ್ಲ. ಒಳಗೆ ಡಾಲಿ, ಅಂದರೆ ಕೈಯಲ್ಲಿ ಹಿಡಿಯುವ ಕಬ್ಬಿಣದ ಗಟ್ಟಿ, ಆಸರೆ ಕೊಟ್ಟು, ತಗ್ಗಿನ ನಡುವನ್ನು ಮುಟ್ಟದೆ, ಅಂಚಿನ ನಿರಿಗೆಯಿಂದ ಶುರುಮಾಡಿ ಸಣ್ಣಸಣ್ಣ ಏಟು ಹಾಕುತ್ತ ಬರಬೇಕು. ಬಾಗಿಲಿನ ಹೊರಪತ್ರಾ 1 ಮಿಲಿಮೀಟರ್ ದಪ್ಪವೂ ಇರುವುದಿಲ್ಲ. ಸಿಟ್ಟಿನಿಂದ ಬಡಿದರೆ ಹಿಗ್ಗಿ, ಡಬ್ಬಿಯ ಮುಚ್ಚಳದ ಹಾಗೆ ಒತ್ತಿದಾಗ ಟಕ್ ಅಂತ ಒಳಗೆ, ಬಿಟ್ಟಾಗ ಟಕ್ ಅಂತ ಹೊರಗೆ. ಹಾಗೆ ಹಿಗ್ಗಿದ್ದನ್ನು ಕುಗ್ಗಿಸುವ ಆಟ ನೋಡಬೇಕು. ಮಿಸ್ತ್ರಿ ಗ್ಯಾಸಿನ ಉರಿಯನ್ನು ಒಂದೇ ಕಡೆ ಹಿಡಿದು ರೂಪಾಯಿ ಬಿಲ್ಲೆಯಗಲ ಕೆಂಪಗೆ ಕಾಯಿಸಿದ, ಸುತ್ತ ನಾಲ್ಕೇಟು ತಟ್ಟಿದ, ತೊಯ್ಸಿದ ಗೋಣಿತಾಟು ಒತ್ತಿದ. ಚುಂಯ್ ಅಂದು ಉಗಿ ಎದ್ದಿತು. ಆಮೇಲೆ ಹೆಬ್ಬೆರಳಿನಿಂದ ಒತ್ತಿ ನೋಡಿದರೆ ಪತ್ರಾ ಜಪ್ಪಯ್ಯ ಅನ್ನಲಿಲ್ಲ.

ಕೊಳೆತ ಭಾಗಕ್ಕೆ ಈ ಉಪಾಯ ನಡೆಯುವುದಿಲ್ಲ. ಗಟ್ಟಿ ಪತ್ರಾ ಸಿಗುವ ತನಕ ಕತ್ತರಿಸಿ ಹೊಸ ತುಂಡು ಬೆಸೆಯಬೇಕು. ಅದನ್ನೂ ಒಂದೇ ಗೆರೆಯಾಗಿ ಬೆಸೆಯುತ್ತ ಹೋದರೆ ಕಾವಿಗೆ ಪತ್ರಾ ಸೊಟ್ಟಗಾಗುತ್ತದೆ. ಇಲ್ಲೊಂದು ಚುಕ್ಕೆ, ಆ ತುದಿಗೊಂದು ಚುಕ್ಕೆ, ತಣಿದ ಮೇಲೆ ನಡುವೆ ಮತ್ತೊಂದು. ಅಣ್ಣನಿಗೆ ಇಷ್ಟು ಪುರಸೊತ್ತಿಲ್ಲ. "ಪುಟ್ಟಿ ಹಚ್ಚಿ ಮುಚ್ಚಿಬಿಡೋ ಮಾರಾಯ" ಎಂದ. ಮಿಸ್ತ್ರಿ ಎದ್ದುಹೋಗಿ ಹಳೆಯ ಸ್ಪೀಕರಿನ ಆಯಸ್ಕಾಂತ ತಂದು ಬಲಬಾಗಿಲಿಗೆ ಇಟ್ಟ. ಮೇಲೆ ಗಪ್ಪನೆ ಹಿಡಿಯಿತು, ಕೆಳಗೆ ಸರಿಸಿದಾಗ ಕಳಚಿ ಬಿತ್ತು. ಅಲ್ಲಿ ಕಬ್ಬಿಣವಿಲ್ಲ, ಬರೀ ಪುಟ್ಟಿ. ಹಿಂದಿನ ಮಾಲೀಕನೂ ಇದೇ ಮಾತು ಆಡಿದ್ದ ಅಂತಾಯಿತು! ಪುಟ್ಟಿಯ ಮೇಲೆ ನನಗೇನೂ ದ್ವೇಷವಿಲ್ಲ. 2-3 ಮಿಲಿಮೀಟರಿನೊಳಗೆ ಹಚ್ಚಿ, ವಾಟರ್ ಪೇಪರಿನಿಂದ ತಿಕ್ಕಿ ನುಣುಪು ಮಾಡಲಿ. ತೂತಿಗೇ ಮೆತ್ತಿದರೆ ಮಾತ್ರ, ಕುಲುಕಾಡುವುದೇ ಬದುಕಾದ ಪಿಕಪ್ಪಿನಲ್ಲಿ ಅದು ಎಷ್ಟು ದಿನ ನಿಂತೀತು?

ಹಿಂಬಾಗಿಲಿನ ಎಡ ಅರ್ಧಕ್ಕೂ ಹೊಸ ಪತ್ರಾ ಬಂತು. "ಅವ್ವನ ಆಶೀರ್ವಾದ" ಎಂದಿದ್ದಲ್ಲಿ ಆಶೀರ್ವಾದ ಉಳಿದು ಅವ್ವ ಹೋದಳು. ಬರೆಯಲು ಬಂದ ಪೇಂಟರ್ ಅಕ್ಷರಕ್ಕಿಷ್ಟು ಎಂದು ದರ ಹೇಳಿ, ಒತ್ತನ್ನು ಬೇರೆಯೇ ಎಣಿಸಿದ.

"ಒತ್ತಿಗೆ ಬ್ಯಾರೆ ರೊಕ್ಕಾ ಯಾವ ಊರಾಗ ಐತಿ?"

"ಬ್ರಷ್ ಎರಡ ಸಲ ತಿರಗಸಬೇಕಲ್ರೀ."

ಚಹಾ ಬಂತು, ಮಿಸ್ತ್ರಿ ನಡುವೆ ಬಾಯಿ ಹಾಕಿದ, ವ್ಯವಹಾರ ಕುದುರಿತು. ಒತ್ತು ಪುಕ್ಕಟೆ, ಬದಲಿಗೆ ಮೂಲೆಯಲ್ಲಿ ಪೇಂಟರ್ ತನ್ನ ಹೆಸರು ಬರೆದುಕೊಳ್ಳಬಹುದು. ಬರೆದುಕೊಂಡಿದ್ದಾನೆ, ಅವ್ವನಿಗಿಂತ ದಪ್ಪಕ್ಷರದಲ್ಲಿ, ಫೋನ್ ನಂಬರ್ ಸಮೇತ.