ಹೆಗಲೇರಿದ ಹೊಟ್ಟು

ತಲೆ ಕೆರೆಯುವುದಕ್ಕೂ ಕರಿ ಅಂಗಿ ತೊಡುವುದಕ್ಕೂ ಒಂದೇ ಮುಹೂರ್ತ. ಬಿಳಿ ಅಂಗಿಯ ದಿನ ತಲೆಹೊಟ್ಟು ಎಷ್ಟು ಉದುರಿತೆಂದು ಯಾರೂ ಲೆಕ್ಕ ಇಡುವುದಿಲ್ಲ. ಕರಿ ಅಂಗಿಯ ದಿನ ಮಾತ್ರ ಎದುರಿಗಿದ್ದವರ ಕಣ್ಣು ಮುಖ ಬಿಟ್ಟು ಮೆಲ್ಲಗೆ ಹೆಗಲಿಗೆ ಜಾರುತ್ತದೆ.

ಬೆನ್ನಿಗೇ ಸಲಹೆ: ‘ನೆತ್ತಿ ಒಣಗಿದೆ, ಚೆನ್ನಾಗಿ ಎಣ್ಣೆ ಹಚ್ಚಿ.’ ಎಡವಟ್ಟು ಶುರುವಾಗುವುದೇ ಇಲ್ಲಿ. ಹೊಟ್ಟಿನ ಹಿಂದಿರುವುದು ಮಲಸೀಜಿಯಾ ಎಂಬ ಯೀಸ್ಟ್, ಅಂದರೆ ಬರಿಗಣ್ಣಿಗೆ ಕಾಣದ ಶಿಲೀಂಧ್ರ. ಇದು ಹೊರಗಿನಿಂದ ನುಗ್ಗಿದ ಕಳ್ಳನಲ್ಲ. ಎಲ್ಲರ ನೆತ್ತಿಯ ಮೇಲೂ ಬಿಡಾರ ಹೂಡಿರುವ, ಬಾಡಿಗೆ ಕೊಡದ ಬಾಡಿಗೆದಾರ. ತನಗೆ ಬೇಕಾದ ಕೊಬ್ಬಿನಾಮ್ಲ ತಯಾರಿಸಿಕೊಳ್ಳಲು ಅದಕ್ಕೆ ಬರುವುದಿಲ್ಲ, ಆದ್ದರಿಂದ ನಮ್ಮ ಜಿಡ್ಡನ್ನೇ ಒಡೆದು ತಿನ್ನುತ್ತದೆ. ಅದು ಬಿಟ್ಟ ಎಂಜಲಿನಲ್ಲಿ ಓಲಿಕ್ ಆಮ್ಲ ಇರುತ್ತದೆ. ಕೆಲವರ ಚರ್ಮಕ್ಕೆ ಅದು ಒಗ್ಗುವುದಿಲ್ಲ. ಸುಮಾರು ತಿಂಗಳು ತೆಗೆದುಕೊಂಡು ಕಣ್ಣಿಗೆ ಕಾಣದಂತೆ ಉದುರಬೇಕಾದ ಚರ್ಮ, ಆಗ ಅವಸರಕ್ಕೆ ಬಿದ್ದು ಗುಂಪುಗಟ್ಟಿಕೊಂಡು ಉದುರುತ್ತದೆ. ಅದರ ಮೇಲೆ ಎಣ್ಣೆ ಮೆತ್ತಿ ರಾತ್ರಿಯಿಡೀ ಬಿಡುವುದೆಂದರೆ ಬಾಡಿಗೆದಾರನಿಗೆ ಎಲೆ ಹಾಕಿ ಬಡಿಸಿದಂತೆ.

ನಿಜಕ್ಕೂ ಒಣಗಿದ ನೆತ್ತಿಯೂ ಉಂಟು. ಅದರ ಪುಡಿ ಸಣ್ಣದು, ಬಿಳಿ, ಒಣ. ಕೈಕಾಲಿನ ಚರ್ಮವೂ ಬಿರುಸಾಗಿರುತ್ತದೆ. ಹೊಟ್ಟಿನ ಚೂರು ದೊಡ್ಡದು, ತುಸು ಹಳದಿ, ಬೆರಳಿಗೆ ಜಿಡ್ಡು ಹತ್ತುತ್ತದೆ.

ಎರಡನೆಯ ಎಡವಟ್ಟು ಬಚ್ಚಲಿನಲ್ಲಿ. ಈ ಯೀಸ್ಟನ್ನು ಅಡಗಿಸುವ ಔಷಧಿಯಾದ ಕೀಟೊಕೊನಜೋಲ್ 2% ಇರುವ ಶಾಂಪೂ ತಂದು, ಕೂದಲ ತುದಿಗೆ ಹಚ್ಚಿ, ನೊರೆ ಬಂದ ಕೂಡಲೇ ತೊಳೆದರೆ ಔಷಧಿ ಕೆಲಸ ಮಾಡುವುದು ಚರಂಡಿಯಲ್ಲಿ. ಅದು ತಲುಪಬೇಕಾದ್ದು ನೆತ್ತಿಗೆ. ಕೂದಲನ್ನು ಸಾಲು ಸಾಲಾಗಿ ಬಿಡಿಸಿ, ಉಗುರು ತಾಗಿಸದೆ ಬೆರಳ ತುದಿಯಿಂದ ತಿಕ್ಕಿ, 3ರಿಂದ 5 ನಿಮಿಷ ಬಿಡಬೇಕು. ಕಣ್ಣು ಮುಚ್ಚಿ ನಲ್ಲಿ ತಡಕಾಡುವವರಿಗೆ ಐದು ನಿಮಿಷವೆಂದರೆ ಒಂದು ಯುಗ. ಅದಕ್ಕೇ ತಲೆಗೆ ಮೊದಲು ಶಾಂಪೂ ಹಾಕಿ, ಮೈ ಉಜ್ಜಿಕೊಳ್ಳುವುದನ್ನು ಆ ಹೊತ್ತಿಗೆ ಇಟ್ಟುಕೊಳ್ಳುವುದು ಜಾಣತನ. ವಾರಕ್ಕೆರಡು ಸಲ, 2ರಿಂದ 4 ವಾರ. ಎರಡೇ ಸ್ನಾನಕ್ಕೆ ಗುಣ ಕಾಣಲಿಲ್ಲವೆಂದು ಬಾಟಲಿ ಬದಲಿಸುವವರ ಬಚ್ಚಲು ಔಷಧಿ ಅಂಗಡಿಯಾಗುತ್ತದೆ. ಗುಣವಾದ ಮೇಲೂ ವಾರಕ್ಕೋ ಎರಡು ವಾರಕ್ಕೋ ಒಮ್ಮೆ ಹಚ್ಚುತ್ತಿರಬೇಕು. ಬಾಡಿಗೆದಾರನನ್ನು ಹದ್ದುಬಸ್ತಿನಲ್ಲಿ ಇಡಬಹುದೇ ಹೊರತು ಬಿಡಾರ ಖಾಲಿ ಮಾಡಿಸಲು ಆಗದು. ಹೊಟ್ಟಿಗೆ ಬಳಸುವ ಇನ್ನೊಂದು ಔಷಧಿ ಸೆಲೆನಿಯಂ ಸಲ್ಫೈಡ್; ಅದಿರುವ ಶಾಂಪೂವನ್ನು ಸರಿಯಾಗಿ ತೊಳೆಯದಿದ್ದರೆ ನರೆತ ಕೂದಲಿಗೆ ಬೇಡದ ಬಣ್ಣ ಕೂರಬಹುದು.

ಕೆರೆದು ಗಾಯವಾದ ನೆತ್ತಿಗೆ ನಿಂಬೆರಸ ಹಿಂಡುವ ಧೀರರಿಗೆ ಹೇಳುವುದೇನೂ ಇಲ್ಲ, ಉರಿಯೇ ಹೇಳುತ್ತದೆ. ಬೆಳ್ಳಿಯಂಥ ದಪ್ಪ ಪದರ ಹಣೆಗಿಳಿದರೆ, ಕೂದಲು ದುಂಡಗೆ ಉದುರಿದರೆ, ಒಂದು ತಿಂಗಳು ಶಾಂಪೂ ಹಾಕಿಯೂ ಬಗ್ಗದಿದ್ದರೆ ಚರ್ಮದ ವೈದ್ಯರಿಗೆ ತೋರಿಸಬೇಕು. ಇನ್ನು, ಕೊಡವಿದರೂ ಬೀಳದೆ ಕೂದಲನ್ನೇ ಕಚ್ಚಿಕೊಂಡ ಬಿಳಿ ಚುಕ್ಕೆ ಹೊಟ್ಟಲ್ಲ, ಹೇನಿನ ಸೀರು. ಅಲ್ಲಿ ಬಾಡಿಗೆದಾರನೇ ಬೇರೆ, ಅದೂ ಮಕ್ಕಳು ಮರಿ ಸಮೇತ.