ಹಾರದೆ ಇಳಿದು ಬಂದ ದಿನದ ಲೆಕ್ಕ

ನಮ್ಮ ಪ್ಯಾರಾಗ್ಲೈಡಿಂಗ್ ಬಳಗದಲ್ಲಿ ಬೆಳಗಾದರೆ ಮೊದಲು ಕೇಳಿಬರುವ ಪ್ರಶ್ನೆ, ‘ಇವತ್ತು ಬೆಟ್ಟ ಹೇಗಿದೆ?’ ಎಂಬುದು. ಹಾರಾಟ ಚೆನ್ನಾಗಿ ನಡೆದ ದಿನ ಸಂಜೆಯ ಹೊತ್ತಿಗೆ ಉತ್ತರಗಳು ತಾವಾಗಿಯೇ ಬರುತ್ತವೆ: ಮೋಡದ ಬುಡದಲ್ಲಿ ತೆಗೆದ ಚಿತ್ರ, ಎಷ್ಟು ಎತ್ತರ ಸಿಕ್ಕಿತು, ಎಷ್ಟು ಹೊತ್ತು ಮೇಲಿದ್ದೆವು ಎಂಬ ವಿವರ. ಬಟ್ಟೆಯ ರೆಕ್ಕೆಯನ್ನು ಮಡಚಿಟ್ಟ ಚೀಲವನ್ನು ಬೆನ್ನಿಗೆ ಹೊತ್ತು ಬೆಟ್ಟ ಹತ್ತಿ, ಮೂರು ಗಂಟೆ ಗಾಳಿಚೀಲವನ್ನೇ (ಗಾಳಿಯ ದಿಕ್ಕು ತೋರಿಸಲು ಕಂಬಕ್ಕೆ ಕಟ್ಟಿದ ಬಟ್ಟೆಯ ಕೊಳವೆ) ನೋಡುತ್ತ ಕುಳಿತು, ಕೊನೆಗೆ ಚೀಲವನ್ನು ಬಿಚ್ಚದೆಯೇ ನಡೆದು ಇಳಿದ ದಿನ ಮಾತ್ರ ಯಾರೂ ಏನೂ ಬರೆಯುವುದಿಲ್ಲ. ಆ ಮೌನವೇ ನಮ್ಮ ತಾಣದ ಬಹು ದೊಡ್ಡ ಕೊರತೆ ಎಂದು ನನಗೆ ಕೆಲವು ವರ್ಷಗಳಿಂದ ಅನ್ನಿಸುತ್ತಿದೆ. ಹಾರಿದ ದಿನಗಳ ಜೊತೆಗೆ ಹಾರದ ದಿನಗಳನ್ನೂ, ಏಕೆ ಹಾರಲಿಲ್ಲ ಎಂಬ ಕಾರಣವನ್ನೂ, ಗಂಟೆ ಮತ್ತು ಗಾಳಿಯ ಲೆಕ್ಕದೊಂದಿಗೆ ಬರೆದಿಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ.

ಎಂಜಿನ್ ಇಲ್ಲದ ರೆಕ್ಕೆಯೊಂದು ಗಾಳಿಯಲ್ಲಿ ಸದಾ ಇಳಿಯುತ್ತಲೇ ಇರುತ್ತದೆ. ಇಂದಿನ ಸಾಧಾರಣ ಪ್ಯಾರಾಗ್ಲೈಡರ್ ನಿಶ್ಚಲ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 1 ಮೀಟರಿನಂತೆ ಕೆಳಗಿಳಿಯುತ್ತದೆ, ಬ್ರೇಕ್ (ವೇಗ ತಗ್ಗಿಸಲು ಕೈಯಿಂದ ಎಳೆಯುವ ಹಗ್ಗ) ಮುಟ್ಟದೆ ಬಿಟ್ಟರೆ ಗಂಟೆಗೆ 36ರಿಂದ 39 ಕಿಲೋಮೀಟರ್ ವೇಗದಲ್ಲಿ ಮುಂದೆ ಸಾಗುತ್ತದೆ. ಎತ್ತರ ಕಳೆದುಕೊಳ್ಳದೆ ತೇಲಬೇಕಾದರೆ ಸುತ್ತಲಿನ ಗಾಳಿಯೇ ಅದಕ್ಕಿಂತ ಹೆಚ್ಚು ವೇಗವಾಗಿ ಮೇಲೇರುತ್ತಿರಬೇಕು. ಗಂಟೆಗೆ 18 ಕಿಲೋಮೀಟರ್ ಗಾಳಿ ಎಂದರೆ ಸೆಕೆಂಡಿಗೆ 5 ಮೀಟರ್. ಅದು ಬೆಟ್ಟದ ಏಣಿಗೆ, ಅಂದರೆ ಉದ್ದಕ್ಕೆ ಚಾಚಿದ ಬೆಟ್ಟದ ಅಂಚಿಗೆ, ನೇರವಾಗಿ ಬಡಿದು ಅದರ ಕಾಲು ಭಾಗ ಮೇಲ್ಮುಖವಾಗಿ ತಿರುಗಿದರೂ ಸೆಕೆಂಡಿಗೆ 1.25 ಮೀಟರಿನ ಏರಿಕೆ ಸಿಗುತ್ತದೆ, ನಾವು ನಿಂತ ಎತ್ತರದಲ್ಲೇ ಉಳಿಯುತ್ತೇವೆ. ಅದೇ ಗಾಳಿ ಓರೆಯಾಗಿ ಬಂದರೆ ಏಣಿನುದ್ದಕ್ಕೂ ಜಾರಿ ಹೋಗುತ್ತದೆಯೇ ಹೊರತು ಮೇಲೇರುವುದಿಲ್ಲ. ಅಂದರೆ ತೇಲಲು ಸಾಕಾಗುವ ಗಾಳಿಗೂ ಸಾಲದ ಗಾಳಿಗೂ ನಡುವಿನ ಅಂತರ ಬಹಳ ಕಡಿಮೆ. ಸಾಕಾಗುವ ಗಾಳಿಗೂ ಮಿತಿ ಮೀರಿದ ಗಾಳಿಗೂ ನಡುವಿನ ಅಂತರವೂ ಹಾಗೆಯೇ.

ಗಾಳಿಯ ಒತ್ತಡ ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ ಎಂಬುದನ್ನು ಶಾಲೆಯಲ್ಲಿ ಎಲ್ಲರೂ ಓದಿದ್ದೇವೆ, ಬೆಟ್ಟದ ಮೇಲೆ ನಿಂತಾಗ ಮರೆಯುತ್ತೇವೆ. 20 ಕಿಲೋಮೀಟರ್ ಗಾಳಿ 30 ಆದಾಗ ಅದು ಒಂದೂವರೆ ಪಟ್ಟಾಗಿದೆ ಎಂದು ಮನಸ್ಸು ಹೇಳುತ್ತದೆ. ರೆಕ್ಕೆಯ ಬಟ್ಟೆಯನ್ನು ಎಳೆಯುವ ಬಲವಾದರೋ 2.25 ಪಟ್ಟಾಗಿರುತ್ತದೆ. ಸಾಲದ್ದಕ್ಕೆ, ಏಣಿನ ನೆತ್ತಿಯ ಮೇಲೆ ಹಾದುಹೋಗುವ ಗಾಳಿ ಇಕ್ಕಟ್ಟಿಗೆ ಸಿಕ್ಕಂತೆ ಒತ್ತೊತ್ತಾಗಿ ಇನ್ನಷ್ಟು ವೇಗ ಪಡೆಯುತ್ತದೆ. ಆದ್ದರಿಂದ ಟೇಕಾಫ್ ಜಾಗದಲ್ಲಿ ಅಳೆದ ಅಂಕಿಯೇ ನೆತ್ತಿಯ ಮೇಲೂ ಇರುತ್ತದೆ ಎಂದು ನಂಬುವಂತಿಲ್ಲ.

ಇದನ್ನು ನಾನು ಸ್ವಂತ ಅನುಭವದಿಂದ ಕಲಿತೆ. ಒಂದು ಮಧ್ಯಾಹ್ನ ನಾನು ಬೆಟ್ಟ ಹತ್ತಿ ಮುಗಿಸುವಷ್ಟರಲ್ಲಿ ಮೂರು ರೆಕ್ಕೆಗಳು ತಲೆಯ ಮೇಲೆ ಸೊಗಸಾಗಿ ತೇಲುತ್ತಿದ್ದವು. ಅವನ್ನು ಕಂಡ ಕೂಡಲೇ ದಿನ ಚೆನ್ನಾಗಿದೆ ಎಂದು ತೀರ್ಮಾನಿಸಿಬಿಟ್ಟೆ. ಗಾಳಿಚೀಲವನ್ನು ಎರಡು ನಿಮಿಷವೂ ಸರಿಯಾಗಿ ನೋಡಲಿಲ್ಲ. ರೆಕ್ಕೆಗೆ ತಗಲಿಸಿದ ಆಸನವಾದ ಹಾರ್ನೆಸ್ ತೊಟ್ಟು, ಗಾಳಿಗೆ ಬೆನ್ನು ಮಾಡಿ ರೆಕ್ಕೆ ಎತ್ತಿ, ತಿರುಗಿ ಒಂದು ಹೆಜ್ಜೆ ಇಡುವಷ್ಟರಲ್ಲಿ ನೆಲ ಬಿಟ್ಟಿದ್ದೆ. ಲಿಫ್ಟ್‌ನಲ್ಲಿ ಎಳೆದೊಯ್ದಂತೆ ಮೇಲೇರಿದೆ. ಹತ್ತು ನಿಮಿಷ ಕಳೆದ ಮೇಲೆ ಕೆಳಗೆ ಹುಲ್ಲಿನ ಮೇಲೆ ಬಿದ್ದಿದ್ದ ನನ್ನ ನೆರಳನ್ನು ಗಮನಿಸಿದಾಗ ಅದು ಒಂದೇ ಬಂಡೆಯ ಪಕ್ಕದಲ್ಲಿ ನಿಂತಿತ್ತು. ಸ್ವಲ್ಪ ಹೊತ್ತಿನ ಬಳಿಕ ನೋಡಿದರೆ ಆ ಬಂಡೆ ನನಗಿಂತ ಮುಂದಿತ್ತು. ರೆಕ್ಕೆ ಮುಂದಕ್ಕೆ ಹಾರುತ್ತಿದ್ದರೂ ನಾನು ಹಿಂದಕ್ಕೆ, ನೆತ್ತಿಯ ಕಡೆಗೆ ಸರಿಯುತ್ತಿದ್ದೆ. ನೆತ್ತಿ ದಾಟಿದರೆ ಅದರ ಹಿಂದೆ ಗಾಳಿಮರೆ. ಅಲ್ಲಿ ಗಾಳಿ ಸುರುಳಿಯಾಗಿ ಮಗುಚಿಕೊಳ್ಳುತ್ತದೆ, ಅದನ್ನೇ ನಾವು ರೋಟರ್ ಎನ್ನುತ್ತೇವೆ. ಅದರೊಳಗೆ ಬಟ್ಟೆಯ ರೆಕ್ಕೆ ತನ್ನ ಆಕಾರ ಉಳಿಸಿಕೊಳ್ಳುವುದು ಕಷ್ಟ. ವೇಗ ಹೆಚ್ಚಿಸುವ ಸ್ಪೀಡ್ ಬಾರನ್ನು ಕಾಲಿನಿಂದ ಪೂರ್ತಿ ಒತ್ತಿ ಹಿಡಿದು, ಅಂಗುಲ ಅಂಗುಲವಾಗಿ ಮುಂದೆ ಸರಿಯುತ್ತ, ಏರಿಕೆ ಕಡಿಮೆಯಿದ್ದ ಏಣಿನ ತಗ್ಗು ತುದಿಯ ಕಡೆಗೆ ಓರೆಯಾಗಿ ಹೋಗಿ, ಅಂತೂ ಇಳಿಜಾರಿನ ಮಧ್ಯದ ಹುಲ್ಲುಗಾವಲಿನಲ್ಲಿ ಇಳಿದೆ. ಕಾಲು ಉಳುಕಿದ್ದು ಬಿಟ್ಟರೆ ಬೇರೇನೂ ಆಗಲಿಲ್ಲ.

ಆ ದಿನ ನನ್ನನ್ನು ನಿಜವಾಗಿ ಅಲುಗಾಡಿಸಿದ್ದು ಆಮೇಲೆ ಕೇಳಿದ ಮಾತು. ಮೇಲಿದ್ದ ಮೂವರಲ್ಲಿ ಒಬ್ಬರು, ನನಗಿಂತ ಬಹಳ ಹಿರಿಯ ಪೈಲಟ್, ಬಂದು ನನ್ನ ಪಕ್ಕದಲ್ಲಿ ಕುಳಿತು, ‘ನೀವು ಯಾಕೆ ಹೊರಟಿರಿ? ನಾವು ಮುಕ್ಕಾಲು ಗಂಟೆಯಿಂದ ಕೆಳಗಿಳಿಯುವ ದಾರಿಯನ್ನೇ ಹುಡುಕುತ್ತಿದ್ದೆವು’ ಎಂದರು. ಅವರು ಹೊರಟಾಗ ಗಾಳಿ ಹದವಾಗಿತ್ತು. ಅದು ಏರುತ್ತ ಹೋದಂತೆ ಏರಿಕೆ ಎಲ್ಲೆಡೆ ಹರಡಿ, ರೆಕ್ಕೆಯ ಎರಡೂ ತುದಿಗಳನ್ನು ಮಡಚಿ ಹಿಡಿದರೂ ಇಳಿಯಲಾಗದೆ ಅವರು ಮೇಲೆ ಸಿಕ್ಕಿಕೊಂಡಿದ್ದರು. ನಾನು ಕೆಳಗಿನಿಂದ ನೋಡಿ ಸೊಗಸಾದ ತೇಲಾಟ ಎಂದುಕೊಂಡಿದ್ದು ಅದನ್ನೇ. ಆಕಾಶದಲ್ಲಿರುವ ರೆಕ್ಕೆ ಅದು ಹೊರಟ ಹೊತ್ತಿನ ಗಾಳಿಗೆ ಮಾತ್ರ ಸಾಕ್ಷಿ. ನಾನು ಹೊರಡುವ ಹೊತ್ತಿಗೆ ಅದು ಹೊಂದಬಹುದು, ಹೊಂದದೆಯೂ ಇರಬಹುದು. ನಾನು ಹೊರಡುವ ಮುಂಚಿನ ಅರ್ಧ ಗಂಟೆಯಲ್ಲಿ ಬೆಟ್ಟ ಹತ್ತಿ, ಗಾಳಿಯ ಅಬ್ಬರ ನೋಡಿ, ಸುಮ್ಮನೆ ಮರಳಿದ ಇಬ್ಬರಿದ್ದರು ಎಂದು ನನಗೆ ತಿಳಿದದ್ದು ಮರುದಿನ. ಅವರು ಆಗಲೇ ಒಂದು ಸಾಲು ಬರೆದಿದ್ದರೆ ನಾನು ಅದನ್ನು ಓದಿಕೊಂಡೇ ಬೆಟ್ಟ ಹತ್ತುತ್ತಿದ್ದೆ. ಅವರ ಮೇಲೆ ನನಗೆ ದೂರಿಲ್ಲ. ಬರೆಯುವ ರೂಢಿಯೇ ನಮ್ಮಲ್ಲಿರಲಿಲ್ಲ.

ಮೊಬೈಲಿನಲ್ಲಿ ಮುನ್ಸೂಚನೆ ಇದೆಯಲ್ಲ ಎಂದು ಹಲವರು ಕೇಳುತ್ತಾರೆ. ಇದೆ, ನಾನೂ ಪ್ರತಿರಾತ್ರಿ ನೋಡುತ್ತೇನೆ. ಆದರೆ ಆ ಗಣಿತ ಮಾದರಿಗಳು ಭೂಮಿಯನ್ನು ಚೌಕಗಳಾಗಿ ವಿಂಗಡಿಸಿ ಲೆಕ್ಕ ಹಾಕುತ್ತವೆ. ಒಂದೊಂದು ಚೌಕ ಕೆಲವು ಕಿಲೋಮೀಟರ್ ಅಗಲವಿದ್ದಾಗ ನಮ್ಮ ಏಣು, ಅದರ ಮಗ್ಗುಲಿನ ಕಣಿವೆ, ಹಿಂದಿನ ಎತ್ತರದ ಬೆಟ್ಟ ಎಲ್ಲವೂ ಒಂದೇ ಸರಾಸರಿ ಎತ್ತರದ ನೆಲವಾಗಿ ಕರಗಿಹೋಗುತ್ತವೆ. ಊರಗಲದ ಗಾಳಿ, ಅಂದರೆ ಇಡೀ ಪ್ರದೇಶದ ಮೇಲೆ ಬೀಸುವ ಗಾಳಿ, ಯಾವ ದಿಕ್ಕಿನಿಂದ ಬರಲಿದೆ, ಮಳೆಮೋಡ ಕಟ್ಟುವ ಸಂಭವವಿದೆಯೇ ಎಂಬುದಕ್ಕೆ ಮುನ್ಸೂಚನೆ ಒಳ್ಳೆಯ ಆಧಾರ. ಬಿಸಿಲೇರಿದಂತೆ ಕಣಿವೆಯಿಂದ ಬೆಟ್ಟದತ್ತ ಏರುವ ಗಾಳಿ ಯಾವ ಹೊತ್ತಿಗೆ ಆರಂಭವಾಗುತ್ತದೆ, ಅದು ಊರಗಲದ ಗಾಳಿಯೊಂದಿಗೆ ಕೂಡಿಕೊಳ್ಳುತ್ತದೆಯೋ ಸೆಣಸುತ್ತದೆಯೋ ಎಂಬುದನ್ನು ತಿಳಿಯಲು ಅದೇ ಬೆಟ್ಟದಲ್ಲಿ ವರ್ಷಗಟ್ಟಲೆ ಕುಳಿತವರ ಟಿಪ್ಪಣಿಗಳೇ ಬೇಕು.

ಈ ಸೆಣಸಾಟದಲ್ಲಿ ಒಂದು ಮೋಸವಿದೆ. ಊರಗಲದ ಗಾಳಿ ಬೆಟ್ಟದ ಬೆನ್ನ ಹಿಂದಿನಿಂದ ಬರುತ್ತಿರುತ್ತದೆ, ಅಂದರೆ ನಾವು ನಿಂತಿರುವ ಇಳಿಜಾರೇ ಗಾಳಿಮರೆಯಲ್ಲಿರುತ್ತದೆ. ಆದರೆ ಬಿಸಿಲಿಗೆ ಕಾದ ಇಳಿಜಾರಿನಿಂದ ಬಿಸಿಗಾಳಿ ಮೇಲೇಳುವುದರಿಂದ ಟೇಕಾಫ್‌ನ ಗಾಳಿಚೀಲ ಮುಂದಿನಿಂದ ಹಿತವಾಗಿ ಗಾಳಿ ಬೀಸುತ್ತಿದೆ ಎಂದೇ ತೋರಿಸುತ್ತದೆ. ಹೊಸಬರು ಅದನ್ನು ನಂಬಿ ಹೊರಟು, ಐವತ್ತು ಮೀಟರ್ ಮೇಲೇರುತ್ತಲೇ ಎರಡು ಗಾಳಿಗಳು ಕತ್ತರಿಸುವ ಜಾಗದಲ್ಲಿ ಸಿಕ್ಕಿಬೀಳುತ್ತಾರೆ. ಗುರುತು ಹಿಡಿಯಲು ದಾರಿಗಳಿವೆ. ಹತ್ತು ನಿಮಿಷ ಕುಳಿತು ನೋಡಿದರೆ ನಡುನಡುವೆ ಗಾಳಿಚೀಲ ಜೋಲುಬಿದ್ದು, ಒಮ್ಮೊಮ್ಮೆ ಹಿಂದಿನಿಂದ ತುಸು ತಂಪು ಗಾಳಿ ಕುತ್ತಿಗೆಗೆ ತಾಗುತ್ತದೆ. ಮೋಡದ ನೆರಳುಗಳು ನೆಲದ ಮೇಲೆ ನಮ್ಮ ಹಿಂದಿನಿಂದ ಮುಂದಕ್ಕೆ ಓಡುತ್ತವೆ. ಹದ್ದುಗಳು ಸುತ್ತು ಹಾಕುತ್ತ ಏರುವಾಗ ಕೆಳಗೆ ಒಂದು ಕಡೆಗೂ ಮೇಲೆ ಇನ್ನೊಂದು ಕಡೆಗೂ ಜಾರುತ್ತವೆ. ಇವನ್ನು ನೋಡಿ ಹಾರದೆ ಇಳಿದು ಬಂದವರು ಆ ದಿನದ ನಿಜವಾದ ಹವಾಮಾನವನ್ನು ಕಂಡವರು, ಅಂಥವರ ಟಿಪ್ಪಣಿಗೆ ದೀರ್ಘ ಹಾರಾಟದ ಚಿತ್ರಕ್ಕಿಂತ ಹೆಚ್ಚಿನ ಬೆಲೆ ಇದೆ.

ಕಾದ ನೆಲದಿಂದ ಮೇಲೇಳುವ ಬಿಸಿಗಾಳಿಯ ಗುಳ್ಳೆಗಳಾದ ಥರ್ಮಲ್‌ಗಳ ವಿಷಯವೂ ದಿನದಿಂದ ದಿನಕ್ಕೆ ಬದಲಾಗುವಂಥದ್ದೇ. ಒಣ ಗಾಳಿಯ ಗುಳ್ಳೆಯೊಂದು ಮೇಲೇರುವಾಗ ಪ್ರತಿ 100 ಮೀಟರಿಗೆ ಸುಮಾರು 1 ಡಿಗ್ರಿಯಂತೆ ತಣಿಯುತ್ತದೆ. ಸುತ್ತಲಿನ ಗಾಳಿ ಅದಕ್ಕಿಂತ ತಂಪಾಗಿರುವಷ್ಟು ಎತ್ತರದವರೆಗೆ ಗುಳ್ಳೆ ಏರುತ್ತಲೇ ಇರುತ್ತದೆ. ನಡುವೆ ಬೆಚ್ಚನೆಯ ಪದರವೊಂದು ಮುಚ್ಚಳದಂತೆ ಕುಳಿತಿದ್ದರೆ ಅಲ್ಲಿಗೆ ಏರಿಕೆ ನಿಲ್ಲುತ್ತದೆ. ದೂರದಲ್ಲಿ ಮಂಜು ಮತ್ತು ಧೂಳು ಗೆರೆ ಎಳೆದಂತೆ ಒಂದೇ ಎತ್ತರದಲ್ಲಿ ನಿಂತಿರುವುದೇ ಅದರ ಗುರುತು. ಮೋಡದ ಬುಡ ಎಲ್ಲಿರಬಹುದು ಎಂಬುದಕ್ಕೆ ಸುಲಭದ ಲೆಕ್ಕವೊಂದಿದೆ. ನೆಲದ ಉಷ್ಣಾಂಶದಿಂದ ಇಬ್ಬನಿ ಬಿಂದುವನ್ನು (ಗಾಳಿಯ ತೇವ ಹನಿಗಟ್ಟಲು ಆರಂಭಿಸುವ ಉಷ್ಣಾಂಶ) ಕಳೆದು 125ರಿಂದ ಗುಣಿಸಿದರೆ ಎತ್ತರ ಮೀಟರಿನಲ್ಲಿ ಸರಿಸುಮಾರಾಗಿ ಸಿಗುತ್ತದೆ. ಉಷ್ಣಾಂಶ 30, ಇಬ್ಬನಿ ಬಿಂದು 14 ಆಗಿದ್ದರೆ ನೆಲದಿಂದ 2000 ಮೀಟರ್. ಬೆಳಿಗ್ಗೆ ಮಾಡಿದ ಈ ಲೆಕ್ಕ ಮಧ್ಯಾಹ್ನ ಎಷ್ಟರಮಟ್ಟಿಗೆ ನಿಜವಾಯಿತು ಎಂದು ಪ್ರತಿದಿನ ಬರೆದಿಟ್ಟವರಿಗೆ ಒಂದೆರಡು ವರ್ಷಗಳಲ್ಲಿ ಆ ಬೆಟ್ಟದ ಸ್ವಭಾವ ಅಂಗೈಗೆರೆಯಂತೆ ಪರಿಚಯವಾಗುತ್ತದೆ.

ಮೋಡಗಳ ಮಾತು ಬಂದಾಗ 2007ರ ಫೆಬ್ರವರಿಯಲ್ಲಿ ಆಸ್ಟ್ರೇಲಿಯಾದ ಮನಿಲಾ ಪಟ್ಟಣದ ಬಳಿ ನಡೆದುದನ್ನು ನೆನೆಯದೆ ಇರಲಾಗುವುದಿಲ್ಲ. ವಿಶ್ವ ಚಾಂಪಿಯನ್‌ಷಿಪ್‌ಗೆ ಮುಂಚಿತವಾಗಿ ಅಭ್ಯಾಸ ಮಾಡುತ್ತಿದ್ದ ಜರ್ಮನ್ ತಂಡದ ಏವಾ ವಿಶ್ನಿಯರ್ಸ್ಕಾ ಅವರನ್ನು ಗುಡುಗುಮೋಡವೊಂದು ಒಳಗೆಳೆದುಕೊಂಡು 9,946 ಮೀಟರ್ ಎತ್ತರಕ್ಕೆ ಒಯ್ದಿತು. ಪ್ರಜ್ಞೆ ತಪ್ಪಿದ ಸ್ಥಿತಿಯಲ್ಲೇ ಬಹಳ ಹೊತ್ತು ಹಾರಿದ ಅವರು ಬದುಕಿ ಇಳಿದರು. ಅದೇ ಮೋಡಕ್ಕೆ ಸಿಕ್ಕ ಚೀನಾದ ಪೈಲಟ್ ಒಬ್ಬರು ಬದುಕುಳಿಯಲಿಲ್ಲ. ಇವರು ಹೊಸಬರಲ್ಲ, ಜಗತ್ತಿನ ನುರಿತ ಪೈಲಟ್‌ಗಳ ಸಾಲಿನಲ್ಲಿದ್ದವರು. ಗುಡುಗುಮೋಡ ನಮ್ಮ ತಲೆಯ ಮೇಲೆಯೇ ಇರಬೇಕೆಂದಿಲ್ಲ. ಹತ್ತಿಪ್ಪತ್ತು ಕಿಲೋಮೀಟರ್ ದೂರದಲ್ಲಿ ಸುರಿಯುವ ಮಳೆಯಿಂದ ಹೊರಚಿಮ್ಮುವ ತಂಪು ಗಾಳಿಯ ಅಲೆ ಬಿಸಿಲಿರುವ ನಮ್ಮ ಬೆಟ್ಟಕ್ಕೂ ಬಂದು ಅಪ್ಪಳಿಸಬಲ್ಲದು. ಇಂಥ ದಿನ, ಇಷ್ಟು ಹೊತ್ತಿಗೆ, ಇಂಥ ದಿಕ್ಕಿನಲ್ಲಿ ಮೋಡ ಕಟ್ಟಿತು, ಇಷ್ಟು ನಿಮಿಷಗಳ ಬಳಿಕ ಗಾಳಿ ತಿರುಗಿತು ಎಂಬ ದಾಖಲೆ ಒಂದು ತಾಣದಲ್ಲಿ ಹತ್ತು ವರ್ಷಗಳಿಗಿದ್ದರೆ ಹನ್ನೊಂದನೆಯ ವರ್ಷ ಕಲಿಯಲು ಬರುವವನಿಗೆ ಅದಕ್ಕಿಂತ ದೊಡ್ಡ ಪಾಠಪುಸ್ತಕ ಬೇಡ.

ಈ ಕ್ರೀಡೆಯ ಆರಂಭವನ್ನು ನೆನೆದಾಗಲೂ ಇದೇ ಯೋಚನೆ ಬರುತ್ತದೆ. 1978ರಲ್ಲಿ ಫ್ರಾನ್ಸಿನ ಮಿಯೂಸಿ ಗ್ರಾಮದ ಬಳಿ ಮೂವರು ಪ್ಯಾರಾಚೂಟ್ ಜಿಗಿತಗಾರರು ವಿಮಾನವಿಲ್ಲದೆ, ಬೆಟ್ಟದ ಇಳಿಜಾರಿನಲ್ಲಿ ಓಡಿ ಗಾಳಿಗೇರಿದರು. ಆಗಿನ ಚೌಕ ಪ್ಯಾರಾಚೂಟ್‌ಗಳು ಇಳಿಯಲೆಂದೇ ಮಾಡಿದವು, ಹಾರಾಟ ಕಣಿವೆಯ ತಳದಲ್ಲಿ ಮುಗಿಯುತ್ತಿತ್ತು. ಇಂದು ಸಾಧಾರಣ ರೆಕ್ಕೆಯೂ 1 ಮೀಟರ್ ಇಳಿಯುವಷ್ಟರಲ್ಲಿ 8–10 ಮೀಟರ್ ಮುಂದೆ ಸಾಗುತ್ತದೆ, ಆದ್ದರಿಂದ ಗಂಟೆಗಟ್ಟಲೆ ಮೇಲೆಯೇ ಉಳಿಯುವುದು ಸಾಧ್ಯವಾಗಿದೆ. ರೆಕ್ಕೆಗಳಲ್ಲಿ ಇಷ್ಟು ಸುಧಾರಣೆಯಾದರೂ ಹೊರಡಬೇಕೋ ಬೇಡವೋ ಎಂಬ ತೀರ್ಮಾನ ಇಂದಿಗೂ ಟೇಕಾಫ್‌ನಲ್ಲಿ ನಿಂತವನ ಕಣ್ಣು, ಕಿವಿ, ಚರ್ಮಗಳನ್ನೇ ಅವಲಂಬಿಸಿದೆ.

ಏನು ಬರೆಯಬೇಕು ಎಂದು ಕೇಳುವವರಿಗೆ ನನ್ನ ಪದ್ಧತಿಯನ್ನು ಹೇಳಬಲ್ಲೆ. ನಾನು ಟೇಕಾಫ್ ತಲುಪಿದ ಹೊತ್ತು, ಆಮೇಲೆ ಹತ್ತು ನಿಮಿಷಗಳಲ್ಲಿ ಕಂಡ ಕನಿಷ್ಠ ಮತ್ತು ಗರಿಷ್ಠ ಗಾಳಿ, ದಿಕ್ಕು, ಗಾಳಿಯ ಒಂದು ಅಲೆಗೂ ಮುಂದಿನ ಅಲೆಗೂ ನಡುವಿನ ಬಿಡುವು, ಮೋಡದ ಆಕಾರ ಇಷ್ಟನ್ನು ಬರೆಯುತ್ತೇನೆ. ಸರಾಸರಿ ಗಾಳಿಗಿಂತ ಕನಿಷ್ಠ–ಗರಿಷ್ಠಗಳ ನಡುವಿನ ಅಂತರವೇ ನನಗೆ ಮುಖ್ಯ. ಗಂಟೆಗೆ 18ರಿಂದ 22 ಕಿಲೋಮೀಟರ್ ನಡುವೆ ಆಡುವ ಗಾಳಿ, 8ರಿಂದ 28ಕ್ಕೆ ನೆಗೆಯುವ ಗಾಳಿ ಎರಡರ ಸರಾಸರಿಯೂ ಹೆಚ್ಚುಕಡಿಮೆ ಒಂದೇ. ಮೊದಲನೆಯದರಲ್ಲಿ ನಾನು ಹಾರುತ್ತೇನೆ, ಎರಡನೆಯದರಲ್ಲಿ ಚೀಲ ಬಿಚ್ಚುವುದಿಲ್ಲ. ಕೊನೆಗೆ, ಹಾರಲಿಲ್ಲವಾದರೆ ಯಾವ ಕ್ಷಣದಲ್ಲಿ, ಏನನ್ನು ನೋಡಿ ಬೇಡವೆಂದು ತೀರ್ಮಾನಿಸಿದೆ ಎಂಬ ಒಂದು ವಾಕ್ಯ. ಆ ವಾಕ್ಯವನ್ನು ಬರೆಯುವುದೇ ಮೊದಮೊದಲು ಕಷ್ಟ. ಪಕ್ಕದವರೆಲ್ಲ ಹಾರುತ್ತಿರುವಾಗ ತಾನೊಬ್ಬನೇ ಇಳಿದು ಬಂದೆ ಎಂದು ಬರೆಯಲು ಮನಸ್ಸು ಹಿಂಜರಿಯುತ್ತದೆ, ಅಂಜುಬುರುಕನೆಂದಾರು ಎಂಬ ಅಳುಕು ಇರುತ್ತದೆ. ಅದಕ್ಕಾಗಿಯೇ ಹಿರಿಯ ಪೈಲಟ್‌ಗಳು ಮೊದಲು ಬರೆಯಬೇಕು ಎಂದು ಕೈಮುಗಿದು ಕೇಳುತ್ತೇನೆ. ಸಾವಿರ ಗಂಟೆ ಹಾರಿದವರು ‘ಇಂದು ಹತ್ತಿದೆ, ಗಾಳಿ ಒಡೆದು ಬರುತ್ತಿತ್ತು, ಹಾರದೆ ಇಳಿದೆ’ ಎಂದು ಬರೆದರೆ ಇಪ್ಪತ್ತು ಗಂಟೆ ಹಾರಿದ ಹುಡುಗನಿಗೂ ಹಾಗೆ ಬರೆಯುವ ಧೈರ್ಯ ಬರುತ್ತದೆ.

ನಿನ್ನೆಯ ನನ್ನ ಟಿಪ್ಪಣಿಯನ್ನು ಇಲ್ಲಿಯೇ ಕೊಡುತ್ತೇನೆ. ಬೆಳಿಗ್ಗೆ 10.40ಕ್ಕೆ ಟೇಕಾಫ್ ತಲುಪಿದೆ, ಗಾಳಿ ಮುಂದಿನಿಂದ 10ರಿಂದ 14. 11.30ರ ಹೊತ್ತಿಗೆ 12ರಿಂದ 24, ಅಲೆಗಳ ನಡುವೆ ನಾಲ್ಕು ನಿಮಿಷ ಬಿಡುವು, ಎರಡು ಬಾರಿ ಹಿಂದಿನಿಂದ ಬೀಸಿತು. ಮೋಡದ ನೆರಳುಗಳು ಕಣಿವೆಯ ಕಡೆಗೆ ಓಡುತ್ತಿದ್ದವು. ಒಂದು ಹದ್ದು ಏಣಿನ ಮುಂದೆ ಎರಡು ಸುತ್ತು ಹಾಕಿ, ರೆಕ್ಕೆ ಮಡಚಿ ಕಣಿವೆಗೆ ಇಳಿಯಿತು. 12.05ಕ್ಕೆ ಬೇಡವೆಂದು ತೀರ್ಮಾನಿಸಿ ನಡೆದು ಇಳಿದೆ. ಸಂಜೆ 5ರ ಬಳಿಕ ಬೆಟ್ಟ ಹೇಗಿತ್ತು ಎಂಬುದು ನನ್ನ ಟಿಪ್ಪಣಿಯಲ್ಲಿಲ್ಲ. ಆ ಹೊತ್ತಿಗೆ ಮೇಲಿದ್ದವರು ಹಾರಿರಲಿ, ಹಾರದಿರಲಿ, ಕಂಡದ್ದನ್ನು ಇದರ ಕೆಳಗೆ ಬರೆಯಬೇಕೆಂದು ವಿನಂತಿ.